ಮೊದಲು ಟೇಪು, ಆಮೇಲೆ ಟಿಕೆಟ್: ಸಣ್ಣ ಮಗುವಿನೊಂದಿಗೆ ವಂಡರ್‌ಲಾ, ನಮ್ಮ ಕಡೆಯವರ ಲೆಕ್ಕದಲ್ಲಿ

ಮೂರು-ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು ವಂಡರ್‌ಲಾ ಮನರಂಜನಾ ಪಾರ್ಕಿಗೆ ಹೊರಡುವ ಬಳ್ಳಾರಿ, ರಾಯಚೂರು, ಕೊಪ್ಪಳದ ಮಂದಿ ಮೊದಲು ಮನೆಯಲ್ಲಿ ಟೈಲರ್ ಟೇಪು ಹುಡುಕಬೇಕು. ಗೇಟಿನಲ್ಲಿ ನಡೆಯುವುದು ಎತ್ತರದ ಲೆಕ್ಕ. ಮಗು 85 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಪುಗಸಟ್ಟೆ. 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ದಾಟಿತೋ, ಐದನೇ ಕ್ಲಾಸಿನ ಹುಡುಗನಾದರೂ ದೊಡ್ಡವರ ಟಿಕೆಟ್. 'ನಮ್ಮ ಹುಡುಗಿಗೆ ಇನ್ನೂ ಎರಡೂವರೆ ವರ್ಷ ರೀ, ಎಲ್ಲಿಯ ಟಿಕೆಟ್?' ಎಂದು ವಾದ ಮಾಡಿ ಉಪಯೋಗವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿ ನೋಡಿದರೆ ಎರಡು ವರ್ಷಕ್ಕೇ ಮಕ್ಕಳ ಸರಾಸರಿ ಎತ್ತರ 86–87 ಸೆಂ.ಮೀ. ಇರುತ್ತದೆ, ಮೂರಕ್ಕೆ 95, ನಾಲ್ಕಕ್ಕೆ 103, ಐದಕ್ಕೆ 110ರ ಆಸುಪಾಸು. ಅಂದರೆ ಎರಡು ದಾಟಿದ ಮಗುವಿಗೆ ಬಹುತೇಕ ಟಿಕೆಟ್ ಬಿದ್ದೇ ಬೀಳುತ್ತದೆ.

ಅಳೆಯುವುದಕ್ಕೂ ಒಂದು ಕ್ರಮವಿದೆ. ಚಪ್ಪಲಿ ಬಿಡಿಸಿ, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗುವಂತೆ ನಿಲ್ಲಿಸಿ, ತಲೆಯ ಮೇಲೆ ದಪ್ಪ ಪುಸ್ತಕವನ್ನು ಗೋಡೆಗೆ ಒತ್ತಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಬೆಳಿಗ್ಗೆ ಅಳೆದರೆ ಒಂದು ಸೆಂ.ಮೀ.ವರೆಗೂ ಜಾಸ್ತಿ ಬರುತ್ತದೆ, ದಿನವಿಡೀ ನಿಂತು ಓಡಾಡಿದ ಮೇಲೆ ಬೆನ್ನುಮೂಳೆ ಒತ್ತಿಕೊಂಡು ಅಷ್ಟು ಇಳಿಯುತ್ತದೆ. ಗಡಿಯಲ್ಲಿರುವ ಮಗುವಿಗೆ ಇದು ಲೆಕ್ಕಕ್ಕೆ ಬರುವ ವ್ಯತ್ಯಾಸ.

ನಮ್ಮ ಅಭಿಪ್ರಾಯವನ್ನು ಇಲ್ಲೇ ಹೇಳಿಬಿಡುತ್ತೇವೆ. 95 ಸೆಂ.ಮೀ.ಗಿಂತ ಚಿಕ್ಕ ಮಗುವಿಗಾಗಿ ವಂಡರ್‌ಲಾ ಪ್ರವಾಸ ಹಾಕಬೇಡಿ. 95ರಿಂದ 110ರವರೆಗೆ ಹಾಕಬಹುದು, ಆದರೆ ಕೊಟ್ಟ ದುಡ್ಡಿನಲ್ಲಿ ಅರ್ಧವಷ್ಟೇ ವಸೂಲಾಗುತ್ತದೆ ಎಂದು ತಿಳಿದೇ ಹೋಗಬೇಕು. 110 ದಾಟಿದ ಮಗುವಿಗೆ ಹಬ್ಬ. ಕಾರಣ ಸರಳ. ರಿಕಾಯ್ಲ್‌ನಂಥ ಜೋರು ರೈಡ್‌ಗಳ ಬಾಗಿಲಲ್ಲಿ ಎತ್ತರದ ಹಲಗೆ ನಿಂತಿರುತ್ತದೆ. ಮಗು ಅದರ ಕೆಳಗೆ ಬಂದರೆ ಅಪ್ಪ ಸಾಲಿನಲ್ಲಿ, ಅಮ್ಮ ಹೊರಗೆ ಮಗುವಿನ ಜೊತೆ. ಆಮೇಲೆ ಅಮ್ಮನ ಸರದಿ, ಮತ್ತೆ ಅದೇ ಸಾಲು. ದೊಡ್ಡವರ ಟಿಕೆಟ್ ಒಂದೊಂದೂ ಸಾವಿರ ರೂಪಾಯಿಯ ಮೇಲೆ, ಇಬ್ಬರೂ ಪೂರ್ತಿ ಕೊಟ್ಟಿರುತ್ತೀರಿ, ಇಬ್ಬರಿಗೂ ಸಿಗುವುದು ಅರ್ಧ ದಿನ. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇಂಥ ಕುಟುಂಬಕ್ಕೆ ದಂಡ. ಮಕ್ಕಳ ರೈಡ್‌ಗಳಲ್ಲಿ ಸಾಲು ಬೇಗ ಕರಗುತ್ತದೆ, ಫಾಸ್ಟ್‌ಟ್ರ್ಯಾಕ್ ಉಪಯೋಗಕ್ಕೆ ಬರುವ ರೈಡ್‌ಗಳಿಗೆ ನಿಮ್ಮ ಮಗು ಹೋಗುವುದೇ ಇಲ್ಲ.

ಇನ್ನು ಯಾವ ವಂಡರ್‌ಲಾ? ಬೆಂಗಳೂರಿನ ಹತ್ತಿರದ ಬಿಡದಿಯದು 2005ರಲ್ಲಿ, ಹೈದರಾಬಾದಿನದು 2016ರಲ್ಲಿ ಶುರುವಾದದ್ದು. ಹಳೆಯದಾದ್ದರಿಂದ ಬಿಡದಿಯಲ್ಲಿ ಮರಗಳ ನೆರಳು ಹೆಚ್ಚು. ರೈಡ್‌ಗಳ ಮಟ್ಟಿಗೆ ಸಣ್ಣ ಮಗುವಿಗೆ ಎರಡರಲ್ಲೂ ಅಂಥ ವ್ಯತ್ಯಾಸವಿಲ್ಲ. ಹಾಗಾಗಿ ಊರು ನೋಡಿ ತೀರ್ಮಾನ ಮಾಡುವುದೇ ಸರಿ.

ರಾಯಚೂರಿನವರಿಗೆ ಹೈದರಾಬಾದೇ ಸರಿ, ಎರಡು ಮಾತಿಲ್ಲ. ಶಕ್ತಿನಗರ, ಮಕ್ತಲ್, ಮಹಬೂಬ್‌ನಗರದ ಮೇಲೆ ಜಡ್ಚರ್ಲಾಕ್ಕೆ ಹೋಗಿ ರಾಷ್ಟ್ರೀಯ ಹೆದ್ದಾರಿ 44 ಹಿಡಿದರೆ ಶಂಷಾಬಾದ್ ಸಿಗುತ್ತದೆ. ಅಲ್ಲಿ ಹೊರವರ್ತುಲ ರಸ್ತೆ ಹತ್ತಿ ಪೂರ್ವಕ್ಕೆ ತಿರುಗಿ 13ನೇ ಎಕ್ಸಿಟ್‌ನಲ್ಲಿ ಇಳಿದರೆ ರಾವಿರ್ಯಾಲ, ಪಾರ್ಕ್ ಅಲ್ಲೇ. ಹೈದರಾಬಾದ್ ಊರೊಳಗಿನ ಟ್ರಾಫಿಕ್ಕನ್ನು ಮುಟ್ಟುವುದೇ ಬೇಡ. ಶಂಷಾಬಾದಿನದು 16ನೇ ಎಕ್ಸಿಟ್. ಪೆದ್ದ ಗೋಲ್ಕೊಂಡ 15, ತುಕ್ಕುಗುಡ 14 ದಾಟಿದ ಮೇಲೆ 13. ಗೂಗಲ್ ಮ್ಯಾಪಿನ ಹೆಂಗಸು ಏನೇ ಹೇಳಲಿ, ಸಂಖ್ಯೆ ಇಳಿಯುತ್ತಾ ಹೋಗುತ್ತಿದೆಯೇ ನೋಡಿ. ಏರುತ್ತಿದ್ದರೆ ಗಚ್ಚಿಬೌಲಿ ಕಡೆ ಹೊರಟಿದ್ದೀರಿ ಎಂದರ್ಥ. ರೈಲಿನಲ್ಲಾದರೆ ಕೃಷ್ಣಾ–ದೇವರಕದ್ರ ಹೊಸ ಮಾರ್ಗದಲ್ಲಿ ಕಾಚಿಗುಡಕ್ಕೆ 2023ರ ಅಕ್ಟೋಬರಿನಿಂದ ಗಾಡಿ ಇದೆ. ಬಸ್ಸಿನಲ್ಲಿ ಹೋಗಿ ಹೈದರಾಬಾದಿನ ಮುಖ್ಯ ಬಸ್ ನಿಲ್ದಾಣ ಎಂಜಿಬಿಎಸ್‌ನಲ್ಲಿ ಇಳಿದರೆ ಅಲ್ಲೇ ಮೆಟ್ರೊ, ಕೆಂಪು ಮಾರ್ಗದ ಕೊನೆ ನಿಲ್ದಾಣ ಎಲ್.ಬಿ. ನಗರದಲ್ಲಿ ಇಳಿದು ಪಾರ್ಕಿಗೆ ರಸ್ತೆ ಹಿಡಿಯಿರಿ. ಉಳಿದುಕೊಳ್ಳುವುದಕ್ಕೂ ಆ ಕಡೆಯೇ ಅನುಕೂಲ.

ಬಳ್ಳಾರಿ, ಕೊಪ್ಪಳದವರಿಗೆ ಬಿಡದಿ ಸುಲಭ. ಕಾರಿನಲ್ಲಿ ಬಳ್ಳಾರಿಯಿಂದ ಚಳ್ಳಕೆರೆ, ಹಿರಿಯೂರು. ಕೊಪ್ಪಳದಿಂದ ಹೊಸಪೇಟೆ, ಚಿತ್ರದುರ್ಗ. ಎರಡೂ ಸೇರುವುದು ತುಮಕೂರು ಹೆದ್ದಾರಿಗೇ. ನೆಲಮಂಗಲ ದಾಟಿದ ಮೇಲೆ ಯಶವಂತಪುರದತ್ತ ಹೋಗದೆ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿಯಿರಿ. ಟೋಲ್ ಕೈ ಕಚ್ಚುತ್ತದೆ ನಿಜ, ಮಗುವಿನ ಅಳು ತಪ್ಪುತ್ತದೆ. ಅಲ್ಲಿಂದ ಮುಂದೆ ತಪ್ಪಾಗುವ ಜಾಗ ಒಂದೇ: ಎಕ್ಸ್‌ಪ್ರೆಸ್‌ವೇಯ ಮುಖ್ಯ ಹಾದಿ ಹತ್ತಿಬಿಟ್ಟರೆ ಬೇಕಾದಲ್ಲಿ ಇಳಿಯಲು ಬಿಡದು, ಪಾರ್ಕಿನ ತಿರುವು ಕಣ್ಣೆದುರೇ ಹೋಗುತ್ತದೆ. ಸರ್ವಿಸ್ ರಸ್ತೆಯಲ್ಲೇ ಇರಿ.

ರೈಲು ಬೇಕೆಂದರೆ ಹಂಪಿ ಎಕ್ಸ್‌ಪ್ರೆಸ್ ಇದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರೂ ಕಡೆ ಹತ್ತಬಹುದು. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಇಲ್ಲ. ಐದು ತುಂಬಿದ ಮೇಲೆ ಬರ್ತ್ ಬೇಕಾದರೆ ಪೂರ್ತಿ ದರ. ಬೆಂಗಳೂರು ಮುಖ್ಯ ನಿಲ್ದಾಣದಿಂದ ಮೆಟ್ರೊ ನೇರಳೆ ಮಾರ್ಗದಲ್ಲಿ ಚಲ್ಲಘಟ್ಟದವರೆಗೆ ಕೂತೇ ಹೋಗಿ, ಅಲ್ಲಿಂದ ಆಟೊ ಅಥವಾ ಕ್ಯಾಬ್. ತೊಂದರೆ ಎಲ್ಲಿ ಎಂದರೆ, ಗಾಡಿ ಬೆಳಗಿನ ಜಾವ ಇಳಿಸುತ್ತದೆ, ಪಾರ್ಕ್ ತೆರೆಯುವುದು 11ರ ಸುಮಾರಿಗೆ. ಅರೆನಿದ್ದೆಯ ಮಗುವನ್ನು ಪ್ಲಾಟ್‌ಫಾರ್ಮಿನಲ್ಲಿ ಮೂರ್ನಾಲ್ಕು ತಾಸು ಇಟ್ಟುಕೊಂಡರೆ ಪಾರ್ಕಿನೊಳಗೆ ಹೋಗುವಾಗಲೇ ಹೈರಾಣಾಗಿರುತ್ತದೆ, ಮಧ್ಯಾಹ್ನ ನೀರಿಗಿಳಿಯುವ ಹೊತ್ತಿಗೆ ತೋಳ ಮೇಲೆ ಮಲಗಿರುತ್ತದೆ. ಕೆಂಗೇರಿ ಕಡೆ ಒಂದು ರೂಮ್ ಮಾಡಿ, ಸ್ನಾನ, ತಿಂಡಿ, ಒಂದು ಗಂಟೆ ನಿದ್ದೆ ಮುಗಿಸಿ ಹೊರಡಿ. ಪಾರ್ಕಿನ ಪಕ್ಕದಲ್ಲೇ ವಂಡರ್‌ಲಾದವರದೇ 84 ಕೋಣೆಗಳ ರೆಸಾರ್ಟ್ ಇದೆ. ಮಧ್ಯಾಹ್ನ ಮಗುವನ್ನು ಮಲಗಿಸಲು ಅದಕ್ಕಿಂತ ಹತ್ತಿರದ ಜಾಗವಿಲ್ಲ, ಬೆಲೆಯೂ ಹಾಗೇ ಇದೆ.

ಬಸ್ಸಿನ ವಿಷಯದಲ್ಲಿ ಒಂದೇ ಮಾತು: ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸಿಗೆ ಮಾತ್ರ. ಸ್ಲೀಪರ್‌ಗೂ ಇಲ್ಲ, ಹೈದರಾಬಾದ್ ಬಸ್ಸಿಗೂ ಇಲ್ಲ.

ದಿನ ಆರಿಸುವುದರಲ್ಲಿ ನಮ್ಮವರಿಗೊಂದು ಲಾಭವಿದೆ, ಅದನ್ನು ಬಹಳ ಮಂದಿ ಬಳಸುವುದಿಲ್ಲ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಈಚಿನ ವರ್ಷಗಳಲ್ಲಿ ಏಪ್ರಿಲ್ 11ರ ಸುಮಾರಿಗೆ ಶುರುವಾದರೆ ತೆಲಂಗಾಣದಲ್ಲಿ 24ರ ಸುಮಾರಿಗೆ. ನಡುವಿನ ಎರಡು ವಾರದ ಕೆಲಸದ ದಿನಗಳಲ್ಲಿ ಹೈದರಾಬಾದ್ ಪಾರ್ಕಿನಲ್ಲಿ ಅಲ್ಲಿನ ಶಾಲೆಯ ಮಕ್ಕಳಿರುವುದಿಲ್ಲ. ಬಿಸಿಲಂತೂ ಇದ್ದೇ ಇದೆ, ಆದರೆ ರಾಯಚೂರಿನ ಬಿಸಿಲು ಕಂಡವರಿಗೆ ಅದೇನು ಹೊಸದಲ್ಲ. ನವೆಂಬರ್‌ನಿಂದ ಜನವರಿವರೆಗೆ ಎರಡೂ ಕಡೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿರುತ್ತವೆ. ಮೇಲಾಗಿ ನೀರು ತಣ್ಣಗೆ ಕೊರೆಯುತ್ತದೆ. ಸಣ್ಣ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ತುಟಿ ನೀಲಿಗಟ್ಟಿ ದವಡೆ ನಡುಗಿದರೆ 'ಇನ್ನೊಂದು ಸಲ' ಎಂದು ಮಗು ಎಷ್ಟೇ ಹಟ ಮಾಡಿದರೂ ಎತ್ತಿ ಹೊರಗೆ ತಂದು ಒರೆಸಿಬಿಡಿ. ಫೆಬ್ರವರಿಯ ಎರಡನೇ ಭಾಗದ ಮಂಗಳವಾರ, ಬುಧವಾರ ಸಿಕ್ಕರೆ ಕಣ್ಣು ಮುಚ್ಚಿ ಬುಕ್ ಮಾಡಬಹುದು. ವಾರಾಂತ್ಯದ ಟಿಕೆಟ್ ದರ ಹೇಗೂ ಜಾಸ್ತಿ.

ಬಟ್ಟೆಯ ಬಗ್ಗೆ ಪಾರ್ಕಿನವರು ಬಿಗಿ. ನೀರಿನ ರೈಡ್‌ಗಳಿಗೆ ನೈಲಾನ್, ಪಾಲಿಯೆಸ್ಟರ್ ಥರದ ಬಟ್ಟೆ ಕಡ್ಡಾಯ. ಹತ್ತಿಬಟ್ಟೆ ನೀರು ಕುಡಿದು ಭಾರವಾಗುತ್ತದೆ, ಎಳೆ ಬಿಟ್ಟು ಸೋಸುವ ಯಂತ್ರಕ್ಕೆ ಸೇರುತ್ತದೆ. ಸೀರೆ ಉಟ್ಟವರನ್ನು ನೀರಿಗೆ ಬಿಡುವುದಿಲ್ಲ. ಹಾಗಾಗಿ ಅಜ್ಜಿಯನ್ನು ಚೀಲ ಕಾಯುವುದಕ್ಕೆಂದು ಕರೆದುಕೊಂಡು ಹೋಗುವ ನಮ್ಮ ಪದ್ಧತಿಯನ್ನು ಒಮ್ಮೆ ಯೋಚಿಸಿ: ಹಿರಿಯರಿಗೆ ರಿಯಾಯಿತಿ ಇದ್ದರೂ ಟಿಕೆಟ್ ಟಿಕೆಟ್ಟೇ. ಅವರಿಗೆ ಸಿಗುವುದು ಕಲ್ಲುಬೆಂಚು ಮತ್ತು ಜೋರು ಸಂಗೀತ. ಚೀಲ ಕಾಯಲು ಲಾಕರ್ ಸಾಕು.

ಮಗುವಿನ ಈಜುಡುಗೆಯನ್ನು ಊರಲ್ಲೇ ತೊಡಿಸಿ ನೋಡಿ ಖರೀದಿಸಿ. ತೋಳು ತುಂಬ ಮುಚ್ಚುವಂಥದು ಬಿಸಿಲಿಗೆ ಒಳ್ಳೆಯದು. ಡಯಾಪರ್ ಬಿಡದ ಮಗುವಾದರೆ ಇಲ್ಲೊಂದು ಅವಾಂತರ ಕಾದಿರುತ್ತದೆ: ಮಾಮೂಲಿ ಡಯಾಪರ್ ಕೊಳದಲ್ಲಿ ನೀರು ಹೀರಿ ಕಲ್ಲಂಗಡಿಯಂತೆ ಊದುತ್ತದೆ, ಹೊಲಿಗೆ ಬಿಟ್ಟು ಒಳಗಿನ ಜೆಲ್ಲು ಹೊರಗೆ ತೇಲುತ್ತದೆ. ಈಜಿಗೆಂದೇ ಬರುವ ಡಯಾಪರ್ ಬೇರೆ. ಅದು ಮಲವನ್ನಷ್ಟೇ ತಡೆಯುತ್ತದೆ, ಮೂತ್ರವನ್ನಲ್ಲ. ಅದಕ್ಕೇ ನೀರಿಗೆ ಇಳಿಯುವ ಮುಂಚೆ ತೊಡಿಸಬೇಕು, ಬಸ್ಸಿನಲ್ಲಿ ತೊಡಿಸಿಕೊಂಡು ಬಂದರೆ ಸೀಟು ಒದ್ದೆ. ಕಾಲಿಗೆ ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಬರಿಗಾಲಿನಲ್ಲಿ ಏಪ್ರಿಲ್ ಮಧ್ಯಾಹ್ನದ ಕಾಂಕ್ರೀಟಿನ ಮೇಲೆ ಒಂದು ಕೊಳದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅಂಗಾಲು ಸುಡುತ್ತದೆ.

ದಿನದ ಓಟ ಹೀಗಿರಲಿ. ತೆರೆಯುವ ಹೊತ್ತಿಗೇ ಒಳಗಿರಿ. ನೀರಿನ ರೈಡ್‌ಗಳು ತಡವಾಗಿ ತೆರೆದು ಬೇಗ ಮುಚ್ಚುತ್ತವೆ, ಅಷ್ಟರೊಳಗೆ ಮಕ್ಕಳ ವಿಭಾಗ ಮುಗಿಸಿ: ತಿರುಗುವ ಕುದುರೆ, ಪುಟ್ಟ ರೈಲು, ಪುಟ್ಟ ಹಡಗು. ಊಟ ಹನ್ನೆರಡಕ್ಕೇ ಮುಗಿಯಬೇಕು, ಒಂದಾದ ಮೇಲೆ ಕೌಂಟರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಕೂಸಿನ ಆಹಾರಕ್ಕೆ ಮಾತ್ರ ವಿನಾಯಿತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದರೆ ಗೇಟಿನ ಹೊರಗೇ ಬಿಚ್ಚಿ, ಉಳಿದದ್ದು ಕಾರಿನಲ್ಲಿರಲಿ.

ನೀರಿನಲ್ಲಿ ಸಣ್ಣವರ ಕೊಳದಿಂದ ಶುರು ಮಾಡಿ. ಅಲೆಯ ಕೊಳದ ನೆಲ ಇಳಿಜಾರು. ದಡದಲ್ಲಿ ಹಿಮ್ಮಡಿ ಮಟ್ಟದ ನೀರು ಹತ್ತು ಹೆಜ್ಜೆಗೆ ಮಗುವಿನ ಎದೆಗೆ ಬರುತ್ತದೆ. ಅಲೆ ಸದಾ ಇರುವುದಿಲ್ಲ, ಬಿಟ್ಟು ಬಿಟ್ಟು ಹಾಕುತ್ತಾರೆ. ಸೈರನ್ ಆದೊಡನೆ ದೊಡ್ಡವರೆಲ್ಲ ಆಳದ ಕಡೆ ನುಗ್ಗುತ್ತಾರೆ, ಮಗುವಿಗೆ ಪೆಟ್ಟಾಗುವುದು ಅಲೆಗಿಂತ ಆ ನೂಕುನುಗ್ಗಲಿನಲ್ಲೇ ಹೆಚ್ಚು. ದಡದಲ್ಲಿ ಕೂತು, ಮಗುವನ್ನು ನಿಮ್ಮ ಎರಡು ಕಾಲಿನ ನಡುವೆ ಕೂರಿಸಿಕೊಂಡು, ಅಲೆ ಬಂದು ತಾಗುವಷ್ಟೇ ಆಡಿಸಿ. ಲೈಫ್‌ಗಾರ್ಡ್ ಇದ್ದಾರೆಂದು ಫೋನ್ ನೋಡುತ್ತ ನಿಲ್ಲಬೇಡಿ. ಕ್ಲೋರಿನ್‌ಗೆ ಕಣ್ಣು ಉರಿಯುತ್ತದೆ, ಕೊಳ ಬದಲಿಸುವಾಗೊಮ್ಮೆ ಸಾದಾ ನೀರಲ್ಲಿ ಮುಖ ತೊಳೆಸಿ.

ಓಆರ್‌ಎಸ್ ಪಾಕೀಟು ಇಟ್ಟುಕೊಳ್ಳಿ, ಕಲಸುವಾಗ ಎಚ್ಚರ. 21 ಗ್ರಾಂನ ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರ್ ನೀರಿಗೆ, ನಾಲ್ಕು ಗ್ರಾಂ ಚಿಲ್ಲರೆಯ ಚಿಕ್ಕದು 200 ಮಿಲಿಗೆ. ಮಗುವಿನ ಸಣ್ಣ ಬಾಟಲಿಗೆ ದೊಡ್ಡ ಪಾಕೀಟು ಸುರಿದರೆ ಉಪ್ಪು ಮಿತಿಮೀರಿ ಆಸರೆಗಿಂತ ಅಪಾಯವೇ ಜಾಸ್ತಿ.

ನೀರಿನ ವಿಭಾಗ ಮುಚ್ಚುವುದಕ್ಕೆ ಮುಕ್ಕಾಲು ಗಂಟೆ ಮೊದಲೇ ಹೊರಬನ್ನಿ. ಬಟ್ಟೆ ಬದಲಿಸುವ ಕೋಣೆ ಆಮೇಲೆ ಸಂತೆಯಾಗುತ್ತದೆ. ಒಣ ಬಟ್ಟೆ ಹಾಕಿದ ಮಗು ಐದು ನಿಮಿಷದಲ್ಲಿ ನಿದ್ದೆ ಹೋಗುತ್ತದೆ. ಒಬ್ಬರು ನೆರಳಲ್ಲಿ ಕೂತರೆ ಇನ್ನೊಬ್ಬರಿಗೆ ಜೋರು ರೈಡ್ ಹತ್ತಲು ಅದೇ ಸಮಯ. ಲಾಕರಿನ ಠೇವಣಿ ವಾಪಸ್ ಪಡೆಯುವ ಸಾಲನ್ನು ಮರೆಯಬೇಡಿ, ಮುಚ್ಚುವ ಹೊತ್ತಿಗೆ ಅದೇ ಪಾರ್ಕಿನ ಅತಿ ಉದ್ದದ ಸಾಲು.

ಹೈದರಾಬಾದಿಗೆ ಹೋದವರು ಮರುದಿನ ರಾಮೋಜಿ ಫಿಲ್ಮ್ ಸಿಟಿಯನ್ನೂ ಸೇರಿಸುತ್ತಾರೆ. ಹೊರವರ್ತುಲದಲ್ಲೇ 11ನೇ ಎಕ್ಸಿಟ್ ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದು ವಿಜಯವಾಡ ರಸ್ತೆ ಹಿಡಿದರೆ ಸಾಕು, ದೂರವಿಲ್ಲ. ಆದರೆ ಸೆಟ್ಟುಗಳ ನಡುವೆ ಬಸ್ಸಿನಲ್ಲಿ ಸುತ್ತಿಸುವ ಆ ಉದ್ದನೆಯ ಪ್ರವಾಸ ನಾಲ್ಕು ವರ್ಷದ ಮಗುವಿಗೆ ಬೇಸರ. ದೊಡ್ಡವರಿಗೆ ಸಿನಿಮಾ ಹುಚ್ಚಿದ್ದರೆ ಹೋಗಿ, ಮಗುವಿನ ಹೆಸರು ಹೇಳಬೇಡಿ.

95 ಸೆಂ.ಮೀ. ಮುಟ್ಟದ ಮಗುವಿರುವ ಮನೆಯವರು ಈ ವರ್ಷ ಹೊಸಪೇಟೆ ಹತ್ತಿರದ ಕಮಲಾಪುರದ ವಾಜಪೇಯಿ ಪ್ರಾಣಿಸಂಗ್ರಹಾಲಯದ ಸಫಾರಿ, ಸಂಜೆಗೆ ಟಿ.ಬಿ. ಡ್ಯಾಮಿನ ಸಂಗೀತ ಕಾರಂಜಿ ಇಷ್ಟು ಮಾಡಿ ನೋಡಿ. ಬಿಸಿಲಲ್ಲಿ ಎಷ್ಟು ಹೊತ್ತು ನಡೆಯುತ್ತದೆ, ಕತ್ತಲಲ್ಲಿ ಜೋರು ಸದ್ದಿಗೆ ಹೆದರುತ್ತದೆಯೇ, ಮಧ್ಯಾಹ್ನದ ನಿದ್ದೆ ತಪ್ಪಿದರೆ ಎಷ್ಟು ಗಂಟೆಗೆ ರಂಪ ಶುರುವಾಗುತ್ತದೆ, ಎಲ್ಲ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ರಾತ್ರಿ ಮನೆಗೆ ಬಂದು ಮಲಗಲೂಬಹುದು.