ಫಾಲ್‌ಔಟ್ ಸೀರೀಸ್: ಮರೆಯೋಕಾಗದ ಸೀನ್‌ಗಳು

1997ರಿಂದ ಬರ್ತಿರೋ ವಿಡಿಯೋ ಗೇಮ್ ಸೀರೀಸ್ ಇದು, ಅಣುಯುದ್ಧದಲ್ಲಿ ಹಾಳಾದ ಅಮೆರಿಕದ ಕಥೆ. ಫಾಲ್‌ಔಟ್ 3ರಲ್ಲಿ ವಾಲ್ಟ್ 101 (ವಾಲ್ಟ್ ಅಂದ್ರೆ ಜನ ಬಚ್ಚಿಟ್ಕೊಳ್ಳೋ ನೆಲದಡಿಯ ಬಂಕರ್) ಬಾಗಿಲು ದಾಟಿದ ತಕ್ಷಣ ಬೆಳಕಿಗೆ ಕಣ್ಣು ಕುಕ್ಕುತ್ತಲ್ಲಾ ಅದು ಎಲ್ರಿಗೂ ಇಷ್ಟ, ಮೆಗಾಟನ್ ಊರ ಮಧ್ಯದ ಬಾಂಬ್ ಸಿಡಿಸೋ ಆಫರ್ ಕೂಡ ಸಖತ್.

ಆದ್ರೆ ನನ್ನ ಓಟು ಇದೇ ಸೀರೀಸ್‌ನ 2010ರ ಗೇಮ್ ನ್ಯೂ ವೇಗಸ್‌ಗೇ. ಅದ್ರಲ್ಲಿ ವಾಲ್ಟ್ 11 ಅಂತ ಒಂದಿದೆ ನೋಡಿ, ಒಳಗೆ ಹೋದ್ರೆ ಗೋಡೆ ತುಂಬಾ ಎಲೆಕ್ಷನ್ ಪೋಸ್ಟರ್, ಓದ್ತಾ ಓದ್ತಾ ಗೊತ್ತಾಗುತ್ತೆ ಇಲ್ಲಿ ಗೆದ್ದವನು ಒಂದು ವರ್ಷ ಅಧಿಕಾರ ಮಾಡಿ ಆಮೇಲೆ ಬಲಿ ಆಗ್ಬೇಕು, ಅದಕ್ಕೇ ಎಲ್ರೂ ಇನ್ನೊಬ್ಬನ್ನ ಗೆಲ್ಸೋಕೆ ಒದ್ದಾಡ್ತಿದಾರೆ ಅಂತ. ಬಲಿ ಕೊಡಲ್ಲ ಅಂದ್ರೆ ಎಲ್ರನ್ನೂ ಸಾಯಿಸ್ತೀನಿ ಅಂತ ಕಂಪ್ಯೂಟರ್ ಧಮ್ಕಿ. ಕೊನೆಗೆ ಉಳಿದ ಐದು ಜನ ಆಗಲ್ಲ ಅಂದಾಗ ಅದು ಶಹಬ್ಬಾಸ್ ಅಂದು ಬಾಗಿಲು ತೆಗೆಯುತ್ತೆ!! ಕಥೆ ಹೇಳೋ ಸಿನಿಮಾ ಥರದ ಕಟ್‌ಸೀನ್ ಇಲ್ಲ ಏನಿಲ್ಲ, ಅಲ್ಲಿರೋ ಕಂಪ್ಯೂಟರ್ ಟರ್ಮಿನಲ್ ಓದಿ ಆಡಿಯೋ ಕೇಳಿ ನಾವೇ ಜೋಡಿಸ್ಕೋಬೇಕು, ರೈಟಿಂಗ್ ಅಂದ್ರೆ ಇದು ಗುರು.

ನ್ಯೂ ವೇಗಸ್‌ನಲ್ಲಿ ಬಗ್ಸ್ ಜಾಸ್ತಿ, ಗನ್‌ಫೈಟ್ ಸುಮಾರು, ಶೂಟಿಂಗ್ ಬೇಕು ಅಂದ್ರೆ ಫಾಲ್‌ಔಟ್ 4 ತಗೊಳ್ಳಿ. ಕಥೆ ಬೇಕಂದ್ರೆ ಕಣ್ಣು ಮುಚ್ಕೊಂಡು ನ್ಯೂ ವೇಗಸ್, ಸೇಲ್‌ನಲ್ಲಿ ಕಮ್ಮಿ ರೇಟಿಗೇ ಸಿಗುತ್ತೆ.