ಕಲಬುರಗಿ ಬಿಸಿಲು, ಆರು ಪ್ಯಾನೆಲ್, ಒಂದು ಎಲೆಕ್ಟ್ರಿಕ್ ಕಾರು: ಎರಡು ವರ್ಷದ ಲೆಕ್ಕ

ಸೋಲಾರ್ ಹಾಕಿಸಿದೆ ಅಂದ ಕೂಡಲೇ ನಮ್ಮೂರಲ್ಲಿ ಎಲ್ಲರೂ ಹೇಳೋದು ಒಂದೇ ಮಾತು. "ನಿಮಗೇನ್ರಿ, ಕಲಬುರ್ಗಿ ಬಿಸಲ ಅದ. ಮೇ ತಿಂಗಳದಾಗ ಮೀಟರ್ ಉಲ್ಟಾ ಓಡ್ತದ ನೋಡ್ರಿ." ನಾನೂ ಹಾಗೇ ನಂಬಿದ್ದೆ. ಆದರೆ ದಿನಾ ರಾತ್ರಿ ಯೂನಿಟ್ ಬರೆದಿಡುವ ನನ್ನ ನೋಟ್‌ಬುಕ್ ಬೇರೆಯೇ ಹೇಳುತ್ತದೆ. 2025ರಲ್ಲಿ ನಮ್ಮ ಮಾಳಿಗೆ ಮೇಲೆ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಬಂದದ್ದು ಮಾರ್ಚ್‌ನಲ್ಲಿ, ದಿನಕ್ಕೆ ಸರಾಸರಿ 14 ಯೂನಿಟ್. ಬೆಂಕಿ ಸುರಿಯುವ ಮೇನಲ್ಲಿ ಅದು 12ಕ್ಕೆ ಇಳಿಯಿತು. ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಕಾವು ಅದಕ್ಕೂ ಆಗಿಬರುವುದಿಲ್ಲ, ಕಾರಿಗೂ ಆಗಿಬರುವುದಿಲ್ಲ. ಇದನ್ನು ಹಾಕಿಸುವ ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಎರಡು ಮೂರು ಖರ್ಚು ಉಳಿಯುತ್ತಿತ್ತು.

ಮನೆ ಸೇಡಂ ರಸ್ತೆ ಕಡೆ. ಕಾರು ತಗೊಂಡದ್ದು 2023ರ ಡಿಸೆಂಬರ್‌ನಲ್ಲಿ, 24 ಯೂನಿಟ್ ಬ್ಯಾಟರಿಯ ಸಣ್ಣ ಗಾಡಿ, ಇಲ್ಲಿಯವರೆಗೆ 28 ಸಾವಿರ ಕಿ.ಮೀ. ಓಡಿದೆ. ಪ್ಯಾನೆಲ್ ಬಂದದ್ದು ಆಮೇಲೆ. 2024ರ ಫೆಬ್ರವರಿಯಲ್ಲಿ ಮನೆ ಮಾಳಿಗೆ ಸೋಲಾರ್‌ಗೆ ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯಿತು ಅಲ್ವಾ, 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಅಂತ. ಅದನ್ನು ನೋಡಿಯೇ ಧೈರ್ಯ ಮಾಡಿದೆ. 545 ವ್ಯಾಟಿನ ಆರು ಪ್ಯಾನೆಲ್, ಪ್ಯಾನೆಲ್ ಕರೆಂಟನ್ನು ಮನೆ ಕರೆಂಟಾಗಿ ಬದಲಿಸಿ ಲೈನಿಗೂ ಸೇರಿಸುವ 3 ಕಿಲೋವ್ಯಾಟ್ ಆನ್‌ಗ್ರಿಡ್ ಇನ್ವರ್ಟರ್, ಒಟ್ಟು 1 ಲಕ್ಷ 95 ಸಾವಿರ ಕೊಟ್ಟೆ. ಸಬ್ಸಿಡಿ ನಂತರ ಖಾತೆಗೆ ಬಂತು. ಜೂನ್‌ನಿಂದ ಓಡುತ್ತಿದೆ. ಮೀಟರ್ ಉಲ್ಟಾ ಓಡುತ್ತದೆ ಅನ್ನುವುದೂ ಸುಳ್ಳೇ. ಹೊಸ ಮೀಟರ್ ಎರಡು ಅಂಕಿ ತೋರಿಸುತ್ತದೆ, ಲೈನಿಂದ ತಗೊಂಡದ್ದು ಒಂದು, ಲೈನಿಗೆ ಕೊಟ್ಟದ್ದು ಇನ್ನೊಂದು.

ಮೇನಲ್ಲಿ ಯಾಕೆ ಕಡಿಮೆ? ಪ್ಯಾನೆಲ್ ಮೇಲೆ ಬರೆದಿರುವ 545 ವ್ಯಾಟ್ 25 ಡಿಗ್ರಿ ಶಾಖದಲ್ಲಿ ಅಳೆದದ್ದು. ಅಲ್ಲಿಂದ ಒಂದೊಂದು ಡಿಗ್ರಿ ಏರಿದಂತೆ ನನ್ನ ಪ್ಯಾನೆಲ್ ಶೇ. 0.35ರಷ್ಟು ಕಳೆದುಕೊಳ್ಳುತ್ತದೆ. ಹೊರಗೆ 42 ಡಿಗ್ರಿ ಇದ್ದರೆ ಪ್ಯಾನೆಲ್ ಮೈ 65ರಿಂದ 70ರವರೆಗೆ ಹೋಗುತ್ತದೆ, ಹಿಂಬದಿಗೆ ಕೈ ಇಡಲಾಗುವುದಿಲ್ಲ. ಲೆಕ್ಕ ಹಾಕಿ, ನೂರಕ್ಕೆ ಹದಿನೈದರಷ್ಟು ಅಲ್ಲೇ ಹೋಯಿತು. ಇನ್ನೊಂದು ಸಣ್ಣ ವಿಷಯ ಇದೆ. ಕಲಬುರಗಿ ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ. ನಮ್ಮ ಪ್ಯಾನೆಲ್ ದಕ್ಷಿಣಕ್ಕೆ ಅಷ್ಟೇ ವಾಲಿಸಿದ್ದಾರೆ. ಮಾರ್ಚ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ಪ್ಯಾನೆಲ್ ಮುಖಕ್ಕೆ ಬರುತ್ತಾನೆ. ಮೇ 9ರ ಹೊತ್ತಿಗೆ ನೆತ್ತಿ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನಮ್ಮಿಂದ ಉತ್ತರಕ್ಕೇ ಇರುತ್ತಾನೆ. ಮೇ 9ಕ್ಕೆ ಹನ್ನೆರಡೂ ಕಾಲರ ಸುಮಾರಿಗೆ ಮಗಳನ್ನು ಕರೆದುಕೊಂಡು ಮಾಳಿಗೆ ಹತ್ತಿದ್ದೆ. ನೀರಿನ ಟ್ಯಾಂಕ್ ಪಕ್ಕದ ಪೈಪಿನ ನೆರಳು ಅದರ ಬುಡದಲ್ಲೇ ಮಾಯ. ಚಪ್ಪಲಿ ಹಾಕಿಕೊಂಡಿದ್ದರೂ ಅಂಗಾಲು ಸುಟ್ಟಿತು, ಫೋಟೋ ತೆಗೆದು ಓಡಿ ಬಂದೆವು.

ಇಷ್ಟು ಪ್ರಕೃತಿಯ ಪಾಲು. ಕಂಟ್ರಾಕ್ಟರ್ ಪಾಲೂ ಇತ್ತು. ಇನ್ವರ್ಟರನ್ನು ಪಡುವಣ ಗೋಡೆಗೆ, ಹೊರಗಡೆ, ನೆರಳಿಲ್ಲದ ಜಾಗದಲ್ಲಿ ಬಿಗಿದು ಹೋಗಿದ್ದ. ವೈರ್ ಉಳಿಯುತ್ತದೆ ಅಂತ ಇರಬೇಕು. ಏಪ್ರಿಲ್‌ನಲ್ಲಿ ಮೊಬೈಲ್ ಆ್ಯಪ್‌ನ ಗ್ರಾಫ್ ನೋಡಿದರೆ ಮಧ್ಯಾಹ್ನ ಒಂದರಿಂದ ಮೂರೂವರೆವರೆಗೆ ಗುಡ್ಡದ ತಲೆ ಕೊಯ್ದ ಹಾಗೆ ಚಪ್ಪಟೆ. ಇನ್ವರ್ಟರ್ ತಾನು ಕಾದು ಹೋದರೆ ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ, ಇಲ್ಲಾಂದ್ರೆ ಒಳಗಿನ ಸಾಮಾನು ಹಾಳಾಗುತ್ತದೆ. ಕಂಟ್ರಾಕ್ಟರಿಗೆ ಫೋನ್ ಮಾಡಿದೆ. "ಬೇಸಗ್ಯಾಗ ಹಂಗೇ ಸರ್" ಅಂದ. ಕೊನೆಗೆ ಬೇರೆಯವರಿಂದ ಮೆಟ್ಟಿಲ ಕೆಳಗಿನ ನೆರಳಿಗೆ ಸರಿಸಿದೆ, 3,200 ರೂಪಾಯಿ. ಮರುದಿನವೇ ಗ್ರಾಫಿಗೆ ತಲೆ ಬಂತು. ದಿನಕ್ಕೆ ಮುಕ್ಕಾಲು ಯೂನಿಟ್ ಜಾಸ್ತಿ.

ಅದೇ ಪುಣ್ಯಾತ್ಮ ಪ್ಯಾನೆಲ್ ಕೂರಿಸುವ ಸ್ಟ್ರಕ್ಚರನ್ನು ಮೊಣಕಾಲೆತ್ತರಕ್ಕೆ ಹಾಕಿದ್ದಾನೆ. ಅದಕ್ಕೆ ಒಪ್ಪಿದವನು ನಾನೇ, ಹದಿನೆಂಟು ಸಾವಿರ ಉಳಿಯುತ್ತದೆ ಅಂತ. ನಮ್ಮವ್ವನಿಗೆ ಅದೊಂದು ಇವತ್ತಿಗೂ ಹೊಟ್ಟೆಯುರಿ. ಸಂಡಿಗೆ ಹಾಕುವ ಜಾಗ ಹೋಯಿತು, ಬೇಸಿಗೆ ರಾತ್ರಿ ಹಾಸಿಗೆ ಹಾಸುವ ಜಾಗವೂ ಹೋಯಿತು. ಕೆಳಗೆ ಕಸ ಗುಡಿಸಲು ತೆವಳಬೇಕು. ಪಾರಿವಾಳಗಳಿಗೆ ಮಾತ್ರ ಒಳ್ಳೆ ಮನೆ ಸಿಕ್ಕಿದೆ. ಒಂದು ಲಾಭ ಅಂದರೆ ಪ್ಯಾನೆಲ್ ನೆರಳಿನ ಕೆಳಗಿನ ಕೋಣೆ ಮುಂಚಿನಷ್ಟು ಕಾಯುವುದಿಲ್ಲ.

ಧೂಳಿನ ವಿಷಯ. ನಮ್ಮಲ್ಲಿ ವರ್ಷದಲ್ಲಿ ಅತಿ ಕೆಟ್ಟ ಕಾಲ ಡಿಸೆಂಬರ್ ಜನವರಿ, ತೊಗರಿ ರಾಶಿ ನಡೆಯುವಾಗ. ಊರ ಸುತ್ತ ಮಷಿನ್ ಓಡುತ್ತವೆ, ಹೊಟ್ಟು ಹಾರಿಕೊಂಡು ಬಂದು ಗಾಜಿನ ಮೇಲೆ ಕೂರುತ್ತದೆ. ಮೇಲೆ ಇಬ್ಬನಿ ಬಿದ್ದರೆ ಅಂಟಿನ ಹಾಗೆ. ಈ ಜನವರಿಯಲ್ಲಿ ಹದಿನೆಂಟು ದಿನ ತೊಳೆಯದೆ ಬಿಟ್ಟು ನೋಡಿದೆ, 12ರಿಂದ 10ಕ್ಕೆ ಬಂತು. ತೊಳೆದ ಮರುದಿನ ಮತ್ತೆ 12. ನೀರು ಹೊಡೆಯುವುದು ಸೂರ್ಯ ಏರುವ ಮೊದಲೇ ಆಗಬೇಕು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಸೀಳುವ ಭಯ. ನಮ್ಮ ಬೋರಿನ ನೀರು ಗಡಸು. ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ ಕೂತು ಆಮೇಲೆ ಕೆರೆದರೂ ಹೋಗುವುದಿಲ್ಲ. ವೈಪರ್‌ನಿಂದ ಕೊನೆಯ ಹನಿಯನ್ನೂ ಎಳೆದುಬಿಡುತ್ತೇನೆ. ಮಳೆಗಾಲದಲ್ಲಿ ಈ ಕೆಲಸ ಇಲ್ಲ, ಆದರೆ ಜುಲೈ ಆಗಸ್ಟ್‌ನಲ್ಲಿ ಮೋಡ ಕವಿದು 8 ಯೂನಿಟ್ ಬಂದರೆ ದೊಡ್ಡದು. ಒಂದು ದಿನ 3 ಬಂದದ್ದೂ ಇದೆ.

ಕರೆಂಟ್ ಹೋದಾಗ ಏನು ಅಂತ ಎಲ್ಲರೂ ಕೇಳುತ್ತಾರೆ. ಏನೂ ಇಲ್ಲ. ಮೇ ಮಧ್ಯಾಹ್ನ ಗಾಳಿ ಎದ್ದು ಲೈನ್ ಹೋಯಿತು ಅಂದರೆ ತಲೆ ಮೇಲೆ ಆರು ಪ್ಯಾನೆಲ್ ಉರಿಯುತ್ತಿದ್ದರೂ ಮನೆಯೊಳಗೆ ಫ್ಯಾನ್ ನಿಂತಿರುತ್ತದೆ. "ಮ್ಯಾಲ ಇಷ್ಟು ಗಾಜು ಹಾಕ್ಸೀದಿ, ಕೆಳಗ ಒಂದು ಫ್ಯಾನ್ ತಿರಗಂಗಿಲ್ಲ ಅಂದ್ರ ಏನು ಬಂತು?" ಅಂತ ಅವ್ವ ಬೀಸಣಿಗೆ ಹಿಡಿದು ಕೇಳಿದಾಗ ನನ್ನ ಹತ್ತಿರ ಉತ್ತರ ಇತ್ತು, ಹೇಳುವ ಧೈರ್ಯ ಇರಲಿಲ್ಲ. ಲೈನ್ ಸತ್ತಿದೆ ಅಂತ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಮನೆಯ ಕರೆಂಟ್ ಹೋಗಿ ಹೊಡೆಯಬಾರದು, ಅದಕ್ಕೇ ಆನ್‌ಗ್ರಿಡ್ ಇನ್ವರ್ಟರ್ ತಾನೂ ಬಂದ್ ಆಗುತ್ತದೆ. ಸರಿಯಾದ ವ್ಯವಸ್ಥೆಯೇ. ಆದರೆ ಮಾರುವವನು ಇದನ್ನು ಮೊದಲೇ ಬಾಯಿಬಿಟ್ಟು ಹೇಳಬೇಕಿತ್ತು. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ತಗೊಂಡರೆ ಈ ತೊಂದರೆ ಇಲ್ಲ, ಖರ್ಚು ಮಾತ್ರ ಜಾಸ್ತಿ. ನಾವು ಹಳೆಯ ಬ್ಯಾಟರಿ ಯುಪಿಎಸ್‌ನಲ್ಲೇ ಎರಡು ಫ್ಯಾನ್ ನಡೆಸಿಕೊಂಡಿದ್ದೇವೆ.

ಇನ್ನು ಕಾರು. ಕಂಪನಿ ಕಾಗದದಲ್ಲಿ 300 ಕಿ.ಮೀ. ಮೇಲೆ ಬರೆದಿತ್ತು. ಚಳಿಗಾಲದಲ್ಲಿ ನನಗೆ ಸಿಗುವುದು ಪೂರ್ತಿ ಚಾರ್ಜಿಗೆ 200 ಹತ್ತಿರ, ಮೇನಲ್ಲಿ 165. ಬಯಲಲ್ಲಿ ನಿಲ್ಲಿಸಿದ ಗಾಡಿಯನ್ನು ತಣ್ಣಗೆ ಮಾಡಲು ಎಸಿ ಮೊದಲ ಹತ್ತು ನಿಮಿಷ ಹಸಿದವರ ಹಾಗೆ ತಿನ್ನುತ್ತದೆ. ಊರೊಳಗಿನ ಸಣ್ಣ ಓಡಾಟದಲ್ಲಿ ಆ ಹತ್ತು ನಿಮಿಷವೇ ಇಡೀ ಪ್ರಯಾಣ. ಆಫೀಸಿನ ಬೇವಿನ ಮರದ ಕೆಳಗಿನ ಜಾಗಕ್ಕಾಗಿ ನಾನು ಈಗ ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಹೋಗುತ್ತೇನೆ, ಸಾಹೇಬರು ಇದನ್ನು ಶ್ರದ್ಧೆ ಅಂದುಕೊಂಡಿದ್ದಾರೆ. ಬ್ಯಾಟರಿ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಜಾತಿಯದು, ಕಾವನ್ನು ಬೇರೆಯವಕ್ಕಿಂತ ಚೆನ್ನಾಗಿ ತಡೆಯುತ್ತದೆ. ಆದರೂ ಪೂರ್ತಿ ತುಂಬಿಸಿ ನಾಲ್ಕು ದಿನ ಬಿಸಿಲಲ್ಲಿ ಬಿಟ್ಟು ಊರಿಗೆ ಹೋಗುವುದಿಲ್ಲ. ಅಂಥ ಹೊತ್ತಿಗೆ ಅರ್ಧ ಇದ್ದರೆ ಸಾಕು.

ಎರಡು ವರ್ಷದಲ್ಲಿ ನಿಜವಾಗಿ ನಿದ್ದೆ ಕೆಡಿಸಿದ್ದು ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ಜೋಡಣೆ. ಅದು ಸರಿಯಿಲ್ಲದಿದ್ದರೆ ಚಾರ್ಜರ್ ಕೆಲಸ ಮಾಡುವುದಿಲ್ಲ. ಕಳೆದ ಏಪ್ರಿಲ್‌ನ ಒಂದು ರಾತ್ರಿ ಚಾರ್ಜರ್ ಹಾಕಿದರೆ ಹಸಿರು ದೀಪದ ಬದಲು ಕೆಂಪು ಮಿಣುಕು. ತೆಗೆದು ಹಾಕಿದೆ, ಅದೇ. ಮರುದಿನ ಶೋರೂಮಿಗೆ ಒಯ್ದೆ, ಅಲ್ಲಿ ಚಾರ್ಜ್ ಆಯಿತು. ಮನೆಗೆ ಬಂದರೆ ಮತ್ತೆ ಕೆಂಪು. ಮೂರನೇ ದಿನ ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಬಂದ. ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಮೀಟರ್ ಹಿಡಿದ, 2 ವೋಲ್ಟ್ ಒಳಗೆ ಇರಬೇಕಾದದ್ದು 19 ತೋರಿಸಿತು. ಆಮೇಲೆ ಹಿತ್ತಲಿಗೆ ಹೋಗಿ ಅರ್ತಿಂಗ್ ಗುಂಡಿಯ ಮುಚ್ಚಳ ಎತ್ತಿದ. ನಮ್ಮದು ಎರೆ ಮಣ್ಣು, ಬೇಸಿಗೆಗೆ ಬಿರಿಯುತ್ತದೆ. ಪೈಪಿನ ಸುತ್ತ ಮಣ್ಣು ಎರಡು ಬೆರಳು ಹೋಗುವಷ್ಟು ದೂರ ಸರಿದಿತ್ತು. ಪೈಪು ಬರೀ ಗಾಳಿಯಲ್ಲಿ ನಿಂತಿದೆ. "ಸರ್, ಗಾಡಿಗಿ ಏನೂ ಆಗಿಲ್ಲ. ಭೂಮಿಗಿ ನೀರಡಿಕಿ ಆಗ್ಯದ" ಅಂದ. ಉಪ್ಪು ಕಲಸಿ ನಾಲ್ಕು ಬಕೆಟ್ ನೀರು ಸುರಿದೆವು. ಅರ್ಧ ಗಂಟೆ ಬಿಟ್ಟು ಹಾಕಿದರೆ ಹಸಿರು ದೀಪ. ಆಮೇಲೆ ತೇವ ಹಿಡಿದಿಡುವ ಬೆಂಟೊನೈಟ್ ಪುಡಿ ತುಂಬಿ ಬೇರೆ ಗುಂಡಿಯನ್ನೇ ಮಾಡಿಸಿದೆ, 4,500 ಆಯಿತು. ಆದರೂ ಬೇಸಿಗೆಯಲ್ಲಿ ಪ್ರತಿ ಭಾನುವಾರ ತುಳಸಿಗೆ ಒಂದು ಚೊಂಬು, ಅರ್ತಿಂಗ್‌ಗೆ ಒಂದು ಬಕೆಟ್. ಎರೆ ಮಣ್ಣಿನವರು ಕಾರಿನ ಬಣ್ಣ ಆರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಜೊತೆಗೆ ನಿಮ್ಮ ಮನೆಗೆ ಮಂಜೂರಾದ ಲೋಡ್, ಅಂದರೆ ಒಮ್ಮೆಲೇ ಎಷ್ಟು ಕಿಲೋವ್ಯಾಟ್ ಎಳೆಯಬಹುದು ಅನ್ನುವ ಮಿತಿ, ಎಷ್ಟಿದೆ ನೋಡಿ. 15 ಆಂಪ್ ಪ್ಲಗ್‌ನಲ್ಲಿ ಕಾರೊಂದೇ 3 ಕಿಲೋವ್ಯಾಟ್ ಎಳೆಯುತ್ತದೆ, ಎಂಟೊಂಬತ್ತು ಗಂಟೆ ಕಾಲ.

ಸೂರ್ಯ ಇರುವಾಗ ಕಾರು ಆಫೀಸಿನಲ್ಲಿ, ಕಾರು ಮನೆಗೆ ಬಂದಾಗ ಸೂರ್ಯ ಇಲ್ಲ. ಸೋಲಾರ್‌ನಿಂದ ಕಾರು ಓಡಿಸುತ್ತೇನೆ ಅನ್ನುವವರೆಲ್ಲ ಈ ಗಂಟಿಗೆ ಸಿಕ್ಕೇ ಸಿಗುತ್ತಾರೆ. ನನ್ನ ಕಾರು ಬಹುಪಾಲು ತುಂಬುವುದು ರಾತ್ರಿ, ಲೈನಿನ ಕರೆಂಟಿಂದಲೇ. ಹಗಲು ಕೊಟ್ಟದ್ದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ, ಅಷ್ಟೇ. ಏಪ್ರಿಲ್ ಮೇ ಮಾತ್ರ ಬೇರೆ. ಆಗ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ 8ರಿಂದ ಮಧ್ಯಾಹ್ನ 1:30. ಎರಡಕ್ಕೆ ಮನೆಗೆ ಬಂದು ಪ್ಲಗ್ ಹಾಕಿದರೆ ಪ್ಯಾನೆಲ್‌ನಿಂದ 2 ಕಿಲೋವ್ಯಾಟ್ ನೇರ ಗಾಡಿಗೆ, ಉಳಿದದ್ದು ಲೈನಿಂದ. ಬಿಸಿಲು ನಮಗೆ ಕೊಟ್ಟ ಒಂದೇ ಒಂದು ರಿಯಾಯಿತಿ.

ದೂರದ ಓಡಾಟ ಅಂದರೆ ವಾರಕ್ಕೆರಡು ಸಲ ಆಳಂದ ಕಡೆಯ ನಮ್ಮ ಹೊಲ, ಹೋಗಿಬರಲು 84 ಕಿ.ಮೀ., ಚಿಂತೆಯೇ ಇಲ್ಲ. ಬೀದರ್‌ಗೆ ತಂಗಿಯ ಮನೆ, ಕಮಲಾಪುರ ಹುಮನಾಬಾದ್ ಮೇಲೆ ಸುಮಾರು 110. ಬೀದರ್ ನಮಗಿಂತ 200 ಮೀಟರಿಗೂ ಎತ್ತರದಲ್ಲಿದೆ, ಏರಿಗೆ ಬಹಳ ಹೋಗುತ್ತದೆ ಅಂತ ಹೆದರಿದ್ದೆ. ಲೆಕ್ಕ ಹಾಕಿದರೆ ಒಂದು ಯೂನಿಟ್ ಆಸುಪಾಸು, ಅದೂ ಬರುವಾಗ ಇಳಿಜಾರಿನಲ್ಲಿ ಅರ್ಧ ವಾಪಸ್. ಮುಟ್ಟುವಾಗ ಶೇ. 37 ಉಳಿದಿತ್ತು. ವಾಪಸ್ ಬರುವಷ್ಟನ್ನು ತಂಗಿಯ ಅಡುಗೆಮನೆ ಪ್ಲಗ್‌ನಿಂದ ಕಿಟಕಿಯಲ್ಲಿ ವೈರ್ ಎಳೆದು ರಾತ್ರಿ ತುಂಬಿಸಿದೆ. ಭಾವ ಬೆಳಗ್ಗೆ ಮೀಟರ್ ನೋಡಿ "ಪೆಟ್ರೋಲ್ ಹಾಕ್ಸಿ ಕೊಟ್ಟಂಗ ಆತಲ್ಲೋ" ಅಂತ ನಕ್ಕರು. ಹೆದ್ದಾರಿ ಬದಿಯ ಒಂದು ಹೋಟೆಲ್ ಅಂಗಳದ ಫಾಸ್ಟ್ ಚಾರ್ಜರ್ ನಂಬಿ ಒಮ್ಮೆ ಕೆಟ್ಟಿದ್ದೇನೆ. ಆ್ಯಪ್ 300 ರೂಪಾಯಿ ನುಂಗಿತು, ಯಂತ್ರ ಎದ್ದೇಳಲಿಲ್ಲ. ಎರಡು ಚಾ ಕುಡಿದು, ಎಸಿ ಬಂದ್ ಮಾಡಿ, ಕಿಟಕಿ ತೆಗೆದು, 50ರ ವೇಗದಲ್ಲಿ ಮನೆ ಮುಟ್ಟಿದೆವು. ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ.

ದುಡ್ಡು. ನನ್ನ ಹಳೆ ಕಾರು ತಿಂಗಳಿಗೆ ಸಾವಿರ ಕಿ.ಮೀ.ಗೆ ಆರು ಸಾವಿರದ ಮೇಲೆ ಪೆಟ್ರೋಲ್ ಕುಡಿಯುತ್ತಿತ್ತು. ಈಗ ಅಷ್ಟೇ ಓಡಾಟಕ್ಕೆ ಚಾರ್ಜಿಂಗ್‌ನಲ್ಲಿ ಸೋರುವುದೂ ಸೇರಿ 140 ಯೂನಿಟ್. ಕಾರು, ಎಸಿ, ಪಂಪು ಎಲ್ಲ ಸೇರಿದರೂ ವರ್ಷದ ಲೆಕ್ಕದಲ್ಲಿ ನಾವು ಮಾಡಿದ್ದು ನಾವು ಉಂಡದ್ದಕ್ಕೆ ಹತ್ತಿರ ಹತ್ತಿರ. ಬಿಲ್ ಸೊನ್ನೆ ಅಂತ ಯಾರಾದರೂ ಅಂದರೆ ನಂಬಬೇಡಿ, ನಿಗದಿತ ಶುಲ್ಕ ಇದ್ದೇ ಇರುತ್ತದೆ. ಇನ್ನೊಂದು ಮಾತು, ಇದನ್ನು ಸೋಲಾರ್ ಮಾರುವವರು ಹೇಳುವುದಿಲ್ಲ. ಕಾರಿಲ್ಲ, ಎಸಿ ಇಲ್ಲ, ಗೃಹಜ್ಯೋತಿಯ 200 ಯೂನಿಟ್ ಒಳಗೇ ಮನೆ ನಡೆಯುತ್ತದೆ, ಸೊನ್ನೆ ಬಿಲ್ ಬರುತ್ತಿದೆ ಅಂದರೆ ಸುಮ್ನೆ ಇದರ ತಂಟೆಗೆ ಹೋಗಬೇಡಿ. ಜಾಸ್ತಿಯಾದದ್ದನ್ನು ಲೈನಿಗೆ ಕೊಟ್ಟು ಗಳಿಸುತ್ತೇನೆ ಅಂದರೆ, ಅವರು ಕೊಡುವ ದರ ನಾವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ. ನನ್ನ ಮನೆಯಲ್ಲಿ ಪ್ಯಾನೆಲ್‌ಗೆ ಅರ್ಥ ಬಂದದ್ದು ಕಾರಿನಿಂದ.

ಮತ್ತೊಮ್ಮೆ ಮಾಡಿದರೆ ಇದೇ ಆರು ಪ್ಯಾನೆಲ್, ಇದೇ ಗಾಡಿ. ಮೊದಲು ಅರ್ತಿಂಗ್, ಇನ್ವರ್ಟರ್ ನೆರಳಲ್ಲಿ, ಸ್ಟ್ರಕ್ಚರ್ ಎಂಟು ಅಡಿ ಎತ್ತರ. ಆ ಕೊನೆಯದಕ್ಕೆ ವೆಲ್ಡರ್‌ಗೆ ಮುಂಗಡ ಕೊಟ್ಟಾಗಿದೆ. ಶಿವರಾತ್ರಿ ಒಳಗೆ ಮುಗಿಯಬೇಕಂತೆ, ಅವ್ವ ಸಂಡಿಗೆಗೆ ಅಕ್ಕಿ ಆರಿಸಿ ಇಟ್ಟಿದ್ದಾಳೆ.