ಬೆಂಗಳೂರಿನ ರೇಡಿಯೋ, ಪೇಪರ್, ಟಿವಿ: ನಾಳೆ ನೀರು ಬರುತ್ತಾ ಅಂತ ಹೇಳುವವರು ಯಾರು?

ನಾನು ಹನುಮಂತನಗರಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಈ ಊರಿನ ಸುದ್ದಿಗಾಗಿ ಆಕಾಶವಾಣಿ ಕೇಳಿದ್ದೇನೆ, ಖಾಸಗಿ ಎಫ್‌ಎಂ ಕೇಳಿದ್ದೇನೆ. ಬೆಳಗಿನ ಪೇಪರ್, ಸಂಜೆ ಪೇಪರ್ ಎರಡನ್ನೂ ಓದಿದ್ದೇನೆ. ದಿನವಿಡೀ ಓಡುವ ಸುದ್ದಿ ವಾಹಿನಿಗಳನ್ನೂ ವರ್ಷಗಟ್ಟಲೆ ನೋಡಿದ್ದೇನೆ. ಇವನ್ನೆಲ್ಲ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ನಾಳೆ ನಮ್ಮ ಬೀದಿಗೆ ನೀರು ಬರುತ್ತಾ, ಕರೆಂಟ್ ಇರುತ್ತಾ, ಬಸ್ ಬೇರೆ ದಾರಿ ಹಿಡಿಯುತ್ತಾ ಅಂತ ಯಾರು ಹೇಳುತ್ತಾರೆ? ಸಂಪು ಖಾಲಿಯಾದ ಮನೆಯವರಿಗೆ ಅದಕ್ಕಿಂತ ದೊಡ್ಡ ಸುದ್ದಿ ಇರುವುದಿಲ್ಲ.

2022ರ ಸೆಪ್ಟೆಂಬರ್ ಮೊದಲ ವಾರ ನಿಮಗೂ ನೆನಪಿರಬೇಕು. ಒಂದೇ ರಾತ್ರಿಯ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆ ಕಡೆಯೆಲ್ಲ ಮುಳುಗಿತು. ಟಿವಿ ಹಾಕಿದರೆ ಟ್ರ್ಯಾಕ್ಟರ್ ಮೇಲೆ ಆಫೀಸಿಗೆ ಹೋಗುವವರು, ದೋಣಿಯಲ್ಲಿ ಬರುವ ಮನೆ ಮಂದಿ. ಅದು ತೋರಿಸಲೇಬೇಕಾದ ಸುದ್ದಿ. ಆದರೆ ನಮ್ಮ ಮನೆಗೆ ಬೇಕಿದ್ದ ಸುದ್ದಿ ಮಂಡ್ಯ ಜಿಲ್ಲೆಯಲ್ಲಿತ್ತು. ತೊರೆಕಾಡನಹಳ್ಳಿಯ ಪಂಪ್‌ಹೌಸ್‌ಗೆ ನೀರು ನುಗ್ಗಿತ್ತು. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಎತ್ತರಕ್ಕೆ ಪಂಪ್ ಆಗಿ ಬರಬೇಕು. ಅಲ್ಲಿ ಮೋಟಾರು ನಿಂತರೆ ಇಲ್ಲಿ ನಲ್ಲಿ ಒಣಗುತ್ತದೆ. ಹೊರಗೆ ಮಳೆ, ಒಳಗೆ ನೀರಿಲ್ಲ.

ಇದು ನಮಗೆ ಮೊದಲು ಗೊತ್ತಾಗಿದ್ದು ಅಡುಗೆಮನೆಯ ರೇಡಿಯೋದಿಂದ. ಅಮ್ಮ ಬೆಳಗಿನ ವಾರ್ತೆ ಕೇಳಿದವರೇ, "ಮೊದಲು ಸಂಪು ಎಷ್ಟಿದೆ ನೋಡು, ಆಮೇಲೆ ಕಾಫಿ" ಅಂದರು. ಅಕ್ಕಪಕ್ಕದ ಮನೆಗಳಿಗೂ ಹೇಳಿಬಂದೆವು. ಆ ಎರಡು ದಿನ ಬಟ್ಟೆ ಒಗೆಯುವುದು ನಿಲ್ಲಿಸಿ, ಇದ್ದ ನೀರಿನಲ್ಲೇ ಹೇಗೋ ನಿಭಾಯಿಸಿದೆವು. ಆವತ್ತಿನಿಂದ ರೇಡಿಯೋ ಬಗ್ಗೆ ನನಗಿದ್ದ ಪ್ರೀತಿ ನಂಬಿಕೆಯಾಯಿತು.

ಆಕಾಶವಾಣಿ ಬೆಂಗಳೂರು ಕೇಂದ್ರ ಶುರುವಾಗಿದ್ದು 1955ರ ನವೆಂಬರ್ 2ರಂದು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1935ರಲ್ಲಿ, ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ನಡೆಸಿದ್ದರು. ಇಡೀ ದೇಶ ಬಳಸುವ 'ಆಕಾಶವಾಣಿ' ಎಂಬ ಹೆಸರು ಆ ಕೇಂದ್ರದ್ದು. ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ ಆಗುತ್ತದೆ.

ಬಳಕೆಯ ಮಾತಿಗೆ ಬರೋಣ. ಮೀಡಿಯಂ ವೇವ್‌ನಲ್ಲಿ, ಅಂದರೆ ರೇಡಿಯೋ ಮೇಲೆ ಎಂಡಬ್ಲ್ಯು ಅಥವಾ ಎಎಂ ಅಂತ ಬರೆದಿರುವ ಬ್ಯಾಂಡ್‌ನಲ್ಲಿ, ಬೆಂಗಳೂರು ಕೇಂದ್ರ 612 ಕಿಲೋಹರ್ಟ್ಸ್. ಹೊಸದಾಗಿ ರೇಡಿಯೋ ಕೊಂಡವರು "ಬರೀ ಗೊರಗೊರ ಸದ್ದು" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಮೊದಲು ಎಲ್‌ಇಡಿ ಬಲ್ಬ್, ಮೊಬೈಲ್ ಚಾರ್ಜರ್, ಯುಪಿಎಸ್ ಪಕ್ಕದಿಂದ ರೇಡಿಯೋವನ್ನು ದೂರ ಇಡಿ. ಆಮೇಲೆ ಅದನ್ನು ಇದ್ದ ಜಾಗದಲ್ಲೇ ನಿಧಾನಕ್ಕೆ ತಿರುಗಿಸಿ. ಮೇಲೆ ಕಾಣುವ ಕಡ್ಡಿ ಆಂಟೆನಾ ಎಫ್‌ಎಂಗೆ. ಮೀಡಿಯಂ ವೇವ್‌ನ ಆಂಟೆನಾ ರೇಡಿಯೋ ಒಳಗೇ ಅಡ್ಡಲಾಗಿ ಕೂತಿರುತ್ತದೆ. ಅದಕ್ಕೇ ಸೆಟ್ಟನ್ನೇ ತಿರುಗಿಸಬೇಕು. ನಮ್ಮ ಅಡುಗೆಮನೆಯಲ್ಲಿ ಕಿಟಕಿ ಕಟ್ಟೆ ಮೇಲೆ, ಓರೆಯಾಗಿ ಇಟ್ಟಾಗ ಮಾತ್ರ ಧ್ವನಿ ಶುದ್ಧವಾಗಿ ಬರುತ್ತದೆ. ಕರೆಂಟ್ ಹೋದಾಗಲಂತೂ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಸುದ್ದಿ ಜಾಸ್ತಿ ಬೇಕಾಗುವುದೂ ಆಗಲೇ ಅಲ್ವಾ?

ಕೊರತೆಯನ್ನೂ ಹೇಳಬೇಕು. ಆಕಾಶವಾಣಿಯ ಕನ್ನಡ ವಾರ್ತೆ 'ಪ್ರದೇಶ ಸಮಾಚಾರ' ಇಡೀ ರಾಜ್ಯದ್ದು. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಅದರಲ್ಲಿ ಜಾಗ ಸಿಗಬೇಕು. ಹಾಗಾಗಿ ಇಡೀ ಊರಿಗೆ ನೀರು ನಿಂತರೆ ಹೇಳುತ್ತಾರೆ, ನಮ್ಮ ಬಡಾವಣೆಗೆ ಮಾತ್ರ ನಿಂತರೆ ಅದು ಅಲ್ಲಿ ಬರುವುದಿಲ್ಲ.

ಖಾಸಗಿ ಎಫ್‌ಎಂ ಬಗ್ಗೆ ಒಂದು ವಿಷಯ ಸುಮಾರು ಜನರಿಗೆ ಗೊತ್ತಿಲ್ಲ. ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ 2001ರ ಜುಲೈನಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲೇ, ರೇಡಿಯೋ ಸಿಟಿ. ಆದರೆ ಇಂಥ ಕೇಂದ್ರಗಳು ಸ್ವಂತವಾಗಿ ಸುದ್ದಿ ಮಾಡುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದ ಹಾಗೇ ಹಾಕಬಹುದು, ಅಷ್ಟೇ. ಟ್ರಾಫಿಕ್, ಹವಾಮಾನ, ಆಡಳಿತದವರು ಕೊಡುವ ನೀರು-ಕರೆಂಟಿನ ಪ್ರಕಟಣೆ ಇವೆಲ್ಲ ನಿಯಮದ ಪ್ರಕಾರ ಸುದ್ದಿ ಅಲ್ಲ, ಹೇಳಬಹುದು. ಅಂದರೆ ಎಲ್ಲಿ ಜಾಮ್ ಆಗಿದೆ ಅಂತ ಹೇಳಬಹುದು, ಆ ರಸ್ತೆಯನ್ನು ಮೂರನೇ ಸಲ ಅಗೆದದ್ದು ಯಾಕೆ ಅಂತ ವರದಿ ಮಾಡುವಂತಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಜೈನ್ ವಿಶ್ವವಿದ್ಯಾಲಯದ ರೇಡಿಯೋ ಆ್ಯಕ್ಟಿವ್ 90.4ರಂಥ ಸಮುದಾಯ ಬಾನುಲಿಗೂ ಇದೇ ಕಟ್ಟು. ತನ್ನ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್ ಜನರಿಗಾಗಿಯೇ ಇರುವ ಕೇಂದ್ರ, ಆ ಜನರ ಸುದ್ದಿಯನ್ನು ಹೇಳುವಂತಿಲ್ಲ ಅಂದರೆ ಏನರ್ಥ?

ಇನ್ನು ಪೇಪರ್. ನಾನು ತಿಪಟೂರಿನವನು. ನಮ್ಮೂರಿಗೆ ಬರುತ್ತಿದ್ದ ಪೇಪರ್‌ನಲ್ಲಿ ಹಗಲು-ರಾತ್ರಿ ಮ್ಯಾಚಿನ ಪೂರ್ತಿ ಸ್ಕೋರ್ ಇರುತ್ತಿರಲಿಲ್ಲ. ದೂರದ ಊರಿಗೆ ಹೋಗುವ ಪ್ರತಿಗಳನ್ನು ಬೇಗನೇ ಮುಗಿಸಿ ಲಾರಿಗೆ ಹಾಕಬೇಕು. ನಗರದ ಆವೃತ್ತಿ ಕೊನೆಗೆ ಅಚ್ಚಾಗುತ್ತದೆ. ಬೆಂಗಳೂರಿಗೆ ಬಂದ ಮೊದಲ ವಾರ, ನಡುರಾತ್ರಿಯ ಸುದ್ದಿ ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ಬಿದ್ದಿದ್ದು ನೋಡಿ ಎಷ್ಟು ಖುಷಿಪಟ್ಟಿದ್ದೆ!

ಹೆಚ್ಚು ಕಾಲ ಹಾಕಿಸಿಕೊಂಡದ್ದು 1948ರಲ್ಲಿ ಶುರುವಾದ ಪ್ರಜಾವಾಣಿ. ನಡುವೆ ಬೇರೆ ಪೇಪರ್‌ಗಳನ್ನೂ ತರಿಸಿದ್ದೆ. ನಾನು ಮೊದಲು ತೆಗೆಯುವುದು ನಗರದ ಪುಟ. ಎಲ್ಲಿ ವಿದ್ಯುತ್ ವ್ಯತ್ಯಯ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ ಯಾವ ಬಡಾವಣೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. 'ನಗರದಲ್ಲಿ ಇಂದು' ನೋಡಿಕೊಂಡೇ ಎಷ್ಟೋ ಸಂಗೀತ ಕಛೇರಿ, ಪುಸ್ತಕ ಬಿಡುಗಡೆ, ನಾಟಕಕ್ಕೆ ಹೋಗಿದ್ದೇನೆ. ದುಡ್ಡು ಕೊಡದೆ ಒಳಗೆ ಹೋಗಿ ಕೂರಬಹುದಾದ ಎಷ್ಟು ಜಾಗಗಳಿವೆ ಈ ಊರಿನಲ್ಲಿ ಅಂತ ನನಗೆ ತಿಳಿಸಿದ್ದೇ ಆ ಪಟ್ಟಿ. ಅದಕ್ಕೆ ನಾನು ನಿಜವಾಗಿಯೂ ಋಣಿ.

ಸಂಜೆ ಪೇಪರ್ ಈಗ ತರುವುದಿಲ್ಲ. ಮೊದಲು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುವಾಗ ಸಂಜೆವಾಣಿ ಕೈಯಲ್ಲಿರುತ್ತಿತ್ತು. ಆ ಜಾಗಕ್ಕೆ ಮೊಬೈಲ್ ಬಂತು.

ಟಿವಿ ಸುದ್ದಿ ನನಗೆ ನೋವು ಕೊಟ್ಟಿದೆ. ಒಂದು ಮಳೆಗಾಲ, ಒಂದು ಕನ್ನಡ ಸುದ್ದಿ ವಾಹಿನಿ ನಮ್ಮ ಬಡಾವಣೆಯ ಹೆಸರು ಹಾಕಿ ಬೇರೆ ಯಾವುದೋ ಕಡೆಯ ಮುಳುಗಿದ ರಸ್ತೆ ತೋರಿಸಿತು. ಊರಿನಿಂದ ಚಿಕ್ಕಪ್ಪ ಗಾಬರಿಯಿಂದ ಫೋನ್ ಮಾಡಿದರು. ಅಜ್ಜಿ ರಾತ್ರಿ ಊಟ ಮಾಡಲಿಲ್ಲವಂತೆ. ಮಾರನೇ ದಿನ ವಾಹಿನಿಗೆ ಇಮೇಲ್ ಬರೆದೆ. ಉತ್ತರ ಬರಲಿಲ್ಲ, ತಿದ್ದುಪಡಿಯೂ ಕಾಣಲಿಲ್ಲ. ಎಂಬತ್ತು ದಾಟಿದ ಅಜ್ಜಿಯನ್ನು ಹಾಗೆ ಹೆದರಿಸಿದ್ದನ್ನು ನನ್ನಿಂದ ಮರೆಯಲಾಗಿಲ್ಲ. ದೂರದರ್ಶನ ಚಂದನದ ವಾರ್ತೆಯಲ್ಲಿ ಇಂಥ ಅಬ್ಬರ ಇಲ್ಲ. ಓದುವವರು ಸಮಾಧಾನವಾಗಿ ಓದುತ್ತಾರೆ, ಅಮ್ಮನಿಗೂ ಅದೇ ಇಷ್ಟ.

ವಾಹಿನಿಗಳ ದೊಡ್ಡ ಕೊರತೆ ಬೇರೆಯೇ ಇದೆ. ಅವರಿಗೆ ಬೆಂಗಳೂರು ಅಂದರೆ ವಿಧಾನಸೌಧ, ಪಕ್ಷದ ಕಚೇರಿಗಳು, ಮಂತ್ರಿಗಳ ಮನೆ ಬಾಗಿಲು. ಅದು ರಾಜ್ಯದ ಸುದ್ದಿ. ರಾಜ್ಯದ ಸುದ್ದಿ ಇಲ್ಲಿಂದ ಬರುತ್ತದೆ ಎನ್ನುವ ಕಾರಣಕ್ಕೇ ಈ ಊರಿನ ಸುದ್ದಿಗೆ ಜಾಗ ಇಲ್ಲದಂತಾಗಿದೆ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್ ಇರಲಿಲ್ಲ. ಚರಂಡಿ ಕಟ್ಟಿಕೊಂಡರೆ ಯಾರ ಮನೆಗೆ ಹೋಗಬೇಕು ಅಂತಲೂ ತಿಳಿಯದ ಕಾಲ ಅದು. ಆಗ ರಾತ್ರಿ ಒಂದು ಗಂಟೆ ಚರ್ಚೆಯ ಬದಲು ಹತ್ತು ನಿಮಿಷ ವಾರ್ಡುಗಳ ಸುದ್ದಿ ಕೊಟ್ಟಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು! 2025ರಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ನಮ್ಮ ಬೀದಿಯಲ್ಲೇ ಎಷ್ಟೋ ಜನರಿಗೆ ತಾವು ಯಾವ ಪಾಲಿಕೆಗೆ ಸೇರಿದ್ದೇವೆ ಅಂತ ಗೊತ್ತಿರಲಿಲ್ಲ.

ಇಂಥ ವಿಷಯಕ್ಕೆ ನಾನು 2008ರಿಂದ ನಡೆಯುತ್ತಿರುವ ಸಿಟಿಜನ್ ಮ್ಯಾಟರ್ಸ್ ಎಂಬ ಸುದ್ದಿ ಜಾಲತಾಣ ಓದುತ್ತೇನೆ. ಕೆರೆ, ಕಸ, ಆಸ್ತಿ ತೆರಿಗೆ, ವಾರ್ಡ್ ಸಮಿತಿ ಬಗ್ಗೆ ಬಿಡಿಸಿ ಬರೆಯುತ್ತಾರೆ. ನಾನು ಓದುವುದು ಇಂಗ್ಲಿಷ್‌ನಲ್ಲಿ. ನಮ್ಮ ಬೀದಿಯ ಹೂವಿನ ಅಂಗಡಿಯವರಿಗೆ, ಇಸ್ತ್ರಿ ಅಂಗಡಿಯವರಿಗೆ ಇದೇ ಮಾಹಿತಿ ಇಷ್ಟೇ ವಿವರವಾಗಿ ಕನ್ನಡದಲ್ಲಿ ದಿನಾ ಸಿಗಬೇಕು. ಅವರೂ ಇದೇ ಊರಿನ ನೀರಿಗೆ ಕಾಯುವವರು.

ಹೊಸದಾಗಿ ಬೆಂಗಳೂರಿಗೆ ಬಂದವರು ಕೇಳಿದರೆ ನಾನು ಹೇಳುವುದು ಇಷ್ಟು. ಮೀಡಿಯಂ ವೇವ್ ಇರುವ, ಸೆಲ್ ಹಾಕುವ ಸಣ್ಣ ರೇಡಿಯೋ ಒಂದು ತೆಗೆದುಕೊಳ್ಳಿ. ನಗರದ ಪುಟ ಚೆನ್ನಾಗಿರುವ ಒಂದು ಪೇಪರ್ ಹಾಕಿಸಿ. ನಿಮ್ಮ ಬೀದಿಗೆ ನೀರು ಬಿಡುವವರ ಫೋನ್ ನಂಬರ್ ಇಟ್ಟುಕೊಳ್ಳಿ, ಬೀದಿ ಮಟ್ಟದ ಸುದ್ದಿಯನ್ನು ಸದ್ಯಕ್ಕೆ ಅವರೇ ಕೊಡಬೇಕು. ನಾನು ಈ ತಿಂಗಳು ಪೇಪರ್ ಚಂದಾ ಮತ್ತೆ ಒಂದು ವರ್ಷಕ್ಕೆ ಕಟ್ಟಿದ್ದೇನೆ. ಕೇಬಲ್ ಪ್ಯಾಕ್‌ನಿಂದ ಎರಡು ಸುದ್ದಿ ವಾಹಿನಿ ತೆಗೆಸಿದ್ದೇನೆ. ಅಜ್ಜಿಗೂ ಒಂದು ರೇಡಿಯೋ ಕೊಂಡು ತಿಪಟೂರಿಗೆ ಕಳಿಸಿದ್ದೇನೆ.